ನಮ್ಮ ಸೀಮೆಯ ಊರ ಹೆಸರುಗಳು

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ನಮ್ಮ ಸೀಮೆಯ ಊರುಗಳಿಗೆ ಹೆಸರು ಹೇಗೆ ಬಂತು ಎಂದು ಬರೆದುಕೊಡಿ ಅಂತ ಸಂಚಿಕೆಯ ಸಮಿತಿಯವರು ಕೇಳಿದರು. ನಾವು ಓದಿರುವುದು ಎಸ್.ಎಸ್.ಎಲ್.ಸಿ. ಹಿರಿಯರನ್ನು ಸಂಘದ ಜಗಲಿ ಮೇಲೆ ಕೂರಿಸಿ ಕೇಳಿದರೆ ಆಯಿತು ಅಂದುಕೊಂಡೆವು. ಕೇಳಿದರೆ ಒಂದೊಂದು ಊರಿಗೂ ಎರಡು ಮೂರು ಕಥೆ!

ಮಧುಗಿರಿ ಎಂದರೆ ಜೇನಿನ ಬೆಟ್ಟ ಅಂತ ಎಲ್ಲರೂ ಹೇಳ್ತಾರೆ. ಬಂಡೆಗೆ ಹೆಜ್ಜೇನು ಕಟ್ಟುವುದನ್ನು ಕಂಡವರಿಗೆ ಇದು ಸರಿ ಅನಿಸುತ್ತದೆ. ಆದರೆ ರೈಸ್ ಸಾಹೇಬರ ಕಾಲದ ಗೆಜೆಟಿಯರಿನಲ್ಲಿ ಇರುವುದು ಮದ್ದಗಿರಿ. ನಮ್ಮ ಅಜ್ಜಂದಿರೂ 'ಮದ್ಗಿರಿ ಸಂತೆ' ಅಂತಲೇ ಅನ್ನುತ್ತಿದ್ದರು. ಮಧುಗಿರಿ ಎಂದು ಬದಲಾದದ್ದು 20ನೇ ಶತಮಾನದಲ್ಲಿ. ಹೊಸ ಹೆಸರಿನ ಅರ್ಥವನ್ನು ಹಳೇ ಹೆಸರಿನ ಮೇಲೆ ಹೊರಿಸಿದರೆ ಅದು ಇತಿಹಾಸ ಆಗುವುದಿಲ್ಲ.

ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಆದ್ದರಿಂದ 'ಶಿರ', ಅಂದರೆ ತಲೆಯೂರು ಎಂದು ಕೆಲವರ ವಾದ. ಮೊಗಲರು ಬಂದದ್ದು 1687ರಲ್ಲಿ. ಅದಕ್ಕೂ ಮೊದಲೇ, ಬಿಜಾಪುರದವರ ಆಳ್ವಿಕೆಯಲ್ಲೇ ಶಿರಾ ಒಂದು ಪರಗಣೆ. ಹೆಸರು ಮೊದಲು, ರಾಜಧಾನಿ ಆಮೇಲೆ. ವಾದ ನಿಲ್ಲುವುದಿಲ್ಲ.

ಕೊರಟಗೆರೆಯಲ್ಲಿ ಕೊನೆಯ ಭಾಗ 'ಕೆರೆ'. ಹಳಗನ್ನಡ ಎಂಬಲ್ಲಿ ಕನ್ನಡದ 'ಕ' ಹೋಗಿ 'ಗ' ಆದ ಹಾಗೆ ಇಲ್ಲಿಯೂ ಆಗಿದೆ. 'ನೀರಿನ ಕೊರತೆ ಇದ್ದ ಕೆರೆ ಕಣಪ್ಪ' ಎಂದು ಒಬ್ಬರು ನಗೆಯಾಡಿದರು. ನಮ್ಮ ಬರಗಾಲಕ್ಕೆ ಒಪ್ಪುವ ಮಾತೇ. ಆದರೆ ಕೊರತೆಯಲ್ಲಿ ಇರುವುದು 'ತ', ಊರಲ್ಲಿ ಇರುವುದು 'ಟ'. ಕಿವಿಗೆ ಹತ್ತಿರ ಅಂದ ಮಾತ್ರಕ್ಕೆ ಎರಡೂ ಒಂದೇ ಮಾತಲ್ಲ.

ಪಾವಗಡದ್ದು ಹೆಚ್ಚು ಗಟ್ಟಿ. ಅಕ್ಕಿ ಅಳೆಯುವ ಪಾವು ಇರಬೇಕು ಅಂತ ನಾವೇ ಅಂದುಕೊಂಡಿದ್ದೆವು. ಹಳಗನ್ನಡದಲ್ಲಿ ಹಾವಿಗೆ 'ಪಾವು' ಎನ್ನುತ್ತಾರೆ. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಹಾಗೆಯೇ ಪಾವು ಹಾವಾಯಿತು. ತೆಲುಗಿನಲ್ಲಿ ಈಗಲೂ ಪಾಮು. ಬೆಟ್ಟದ ಮೇಲೆ ಹಾವಿನ ಕಲ್ಲು ಸಿಕ್ಕಿತೆಂಬ ಹೇಳಿಕೆಯೂ ಇದೆ. ಮಾತಿನ ನಿಯಮ, ನೆರೆಯ ಭಾಷೆ, ಜನರ ಹೇಳಿಕೆ ಮೂರೂ ಇಲ್ಲಿ ಕೂಡುತ್ತವೆ.

ದೊಡ್ಡ ಊರಿಗೂ ಇದೇ ಪಾಡು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂದಾಯಿತು ಎನ್ನುತ್ತಾರೆ. ಅವನು ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಹೆಸರು ಸುಮಾರು 890ರಲ್ಲೇ ಇದೆ. ಒಂದು ಕಲ್ಲು ಇದ್ದದ್ದಕ್ಕೆ ಸತ್ಯ ಗೊತ್ತಾಯಿತು.

ನಮ್ಮ ಹೊಲಗಳಿಗೆ ಅಂಥ ಕಲ್ಲು ಇಲ್ಲ. ಮೊದಲು ಸಾಲಕ್ಕೆ ಬಂದವರು ಹೊಲದ ಹೆಸರು ಹೇಳುತ್ತಿದ್ದರು, ಈಗ ಮಕ್ಕಳು ಸರ್ವೆ ನಂಬರ್ ಮಾತ್ರ ಹೇಳ್ತಾರೆ. ಹೋದ ವರ್ಷ ತೀರಿಕೊಂಡ ಹಿರಿಯ ಸದಸ್ಯರೊಬ್ಬರ ಜೊತೆ ಅವರ ಹೊಲದ ಹೆಸರೂ ಹೋಯಿತು. ಮಗನನ್ನು ಕೇಳಿದರೆ, 'ಅಪ್ಪ ಏನೋ ಅನ್ನೋರು, ಮರ್ತೋಯ್ತು' ಎಂದ. ನಮಗೆ ಸಂಕಟವಾಯಿತು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ನಿಮ್ಮ ಹೊಲ, ಕಟ್ಟೆ, ಹಳ್ಳ, ಗುಡ್ಡದ ಹೆಸರುಗಳನ್ನು ಮನೆಯ ಹಿರಿಯರು ಹೇಗೆ ಅನ್ನುತ್ತಾರೋ ಹಾಗೆಯೇ, ತಿದ್ದದೆ, ಬರೆದು ಸಂಘಕ್ಕೆ ಕೊಡಿ. ಕಥೆ ಇದ್ದರೆ ಅದನ್ನೂ ಬೇರೆಯಾಗಿ ಬರೆಯಿರಿ. ಅರ್ಥವನ್ನು ಮುಂದೆ ಓದಿದವರು ಹುಡುಕಲಿ. ಹೆಸರನ್ನು ಉಳಿಸಿಕೊಡುವುದು ನಮ್ಮ ಕೆಲಸ.