ರಾಕುಗೊ
ರಾಕುಗೊ ಜಪಾನಿನ ಸಾಂಪ್ರದಾಯಿಕ ಹಾಸ್ಯ ಕಥನಕಲೆ. ಎದೊ ಕಾಲದಲ್ಲಿ (1603–1868) ಇದು ವೃತ್ತಿಕಲೆಯಾಗಿ ಬೆಳೆಯಿತು. ಕಥೆಗಾರನು ಮೆತ್ತೆಯ ಮೇಲೆ ಮಂಡಿಯೂರಿ ಕುಳಿತು, ಎದ್ದೇಳದೆ, ಎಲ್ಲ ಪಾತ್ರಗಳನ್ನೂ ಒಬ್ಬನೇ ಅಭಿನಯಿಸುತ್ತಾನೆ. ಮುಖವು ಎಡಕ್ಕೋ ಬಲಕ್ಕೋ ಹೊರಳಿದರೆ ಮಾತನಾಡುವ ಪಾತ್ರ ಬದಲಾಯಿತೆಂದು ಅರ್ಥ. ಪರಿಕರಗಳು ಬೀಸಣಿಗೆ ಮತ್ತು ಕೈವಸ್ತ್ರ ಮಾತ್ರ. ಮಡಿಸಿದ ಬೀಸಣಿಗೆಯೇ ನೂಡಲ್ಸ್ ತಿನ್ನುವ ಕಡ್ಡಿ, ಅದೇ ಹೊಗೆ ಸೇದುವ ಕೊಳವೆ. ಕಥೆಯು 'ಒಚಿ' ಎಂಬ ಕೊನೆಯ ಚಮತ್ಕಾರದ ಮಾತಿನಿಂದ ಮುಗಿಯುತ್ತದೆ.

ಈ ನಗೆಗೂ ಯುದ್ಧದ ಬಿಸಿ ತಟ್ಟಿತು. 1941ರಲ್ಲಿ ಕಥೆಗಾರರು, ಕಾಲಕ್ಕೆ ತಕ್ಕುದಲ್ಲವೆಂದು, ವೇಶ್ಯಾವಾಟಿಕೆ ಮುಂತಾದ ವಸ್ತುಗಳುಳ್ಳ 53 ಕಥೆಗಳನ್ನು ತಾವೇ ಕೈಬಿಟ್ಟರು; ಟೋಕಿಯೊದ ಅಸಕುಸದಲ್ಲಿರುವ ಹೊಂಪೊಜಿ ದೇವಾಲಯದಲ್ಲಿ ಅವುಗಳಿಗೊಂದು ಸಮಾಧಿಯನ್ನೂ ಕಟ್ಟಿದರು. 'ಶಿನಗಾವಾ ಶಿಂಜು'ವಿನಂತಹ ಹೆಸರಾಂತ ಕಥೆಗಳೂ ಅವುಗಳಲ್ಲಿ ಸೇರಿದ್ದವು. ಯುದ್ಧಾನಂತರ, 1946ರಲ್ಲಿ, ಅವು ಮತ್ತೆ ವೇದಿಕೆಗೆ ಬಂದವು.