ಆಗಬೋಟಿನ ಕಾಲದ ಪ್ರಶ್ನೆಗಳು

ಮಳೆ ನಿಂತು ದಸರೆ ಮುಗಿಯುವ ಹೊತ್ತಿಗೆ ಮುಂಬಯಿ ಕನ್ನಡಿಗರ ವಾಟ್ಸ್ಯಾಪ್ ಗುಂಪುಗಳಲ್ಲಿ ಕ್ರೂಸಿನ ಮಾತು ಶುರುವಾಗುತ್ತದೆ. ಯಾವ ತಿಂಗಳು ಒಳ್ಳೆಯದು? ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ? ವಾಂತಿ ಬಂದರೆ ಏನು ಮಾಡುವುದು? ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ? ಕೇಳುವವರು ಅಂಧೇರಿಯ ಐಟಿ ಕಂಪನಿಯವರು, ಪವಾಯಿಯ ವಿದ್ಯಾರ್ಥಿಗಳು, ಠಾಣೆಯಲ್ಲಿ ಹೊಸದಾಗಿ ಫ್ಲ್ಯಾಟ್ ಕೊಂಡವರು. ಹಡಗಿನ ಪ್ರಯಾಣ ಎಂದರೆ ನಿನ್ನೆ ಮೊನ್ನೆ ಹುಟ್ಟಿದ ಶೋಕಿ ಎಂದೇ ಬಹಳ ಮಂದಿಯ ನಂಬಿಕೆ. ಆದರೆ ಇವೇ ಪ್ರಶ್ನೆಗಳನ್ನು ನಮ್ಮವರು ಇದೇ ಊರಿನ ಧಕ್ಕೆಯ ಮೇಲೆ ನಿಂತು ನೂರು ವರ್ಷಕ್ಕೂ ಹೆಚ್ಚು ಕಾಲ ಕೇಳಿದ್ದಾರೆ. ಆಗ ಅದಕ್ಕೆ ಕ್ರೂಸ್ ಎಂಬ ಹೆಸರಿರಲಿಲ್ಲ, ಆಗಬೋಟು ಎನ್ನುತ್ತಿದ್ದರು. ಬೆಂಕಿಯಿಂದ ಓಡುವ ಬೋಟು.

ಆ ಕಾಲದ ಭೂಪಟವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ, ಕಾಸರಗೋಡಿನ ಕಡೆಯಿಂದ. ಆ ರೈಲು ಹಿಡಿದು ಮುಂಬಯಿಗೆ ಹೊರಟವನು ಮೊದಲು ಮುಂಬಯಿಗೆ ಬೆನ್ನು ಹಾಕಿ ಪಾಲಕ್ಕಾಡಿನತ್ತ ಹೋಗಿ, ಇಡೀ ದಕ್ಷಿಣ ಭಾರತವನ್ನು ಸುತ್ತಿ ಬರಬೇಕಿತ್ತು. ಕರಾವಳಿಯ ರಸ್ತೆಯೋ, ಹತ್ತಾರು ಮೈಲಿಗೊಂದು ಹೊಳೆ, ಹೊಳೆಗೆ ಸೇತುವೆಯಿಲ್ಲ. ಶರಾವತಿ, ಅಘನಾಶಿನಿ, ಕಾಳಿ ಎಲ್ಲವನ್ನೂ ದೋಣಿಯಲ್ಲೇ ದಾಟಬೇಕು. ಹಾಗಿರುವಾಗ ಕಡಲೇ ಹೆದ್ದಾರಿ. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಅಂದರೆ ಮಂಗಳೂರು ರೈಲಿನ ಶಿಳ್ಳೆ ಕೇಳುವುದಕ್ಕೂ ಐದು ವರ್ಷ ಮೊದಲು. ಒಂದು ಸಂಘ ಕಟ್ಟುವಷ್ಟು ಜನ ಆಗಲೇ ಇಲ್ಲಿ ನೆಲೆಯೂರಿದ್ದರು. ಅವರನ್ನು ಇಲ್ಲಿಗೆ ತಂದದ್ದು ಯಾವ ದಾರಿ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಉತ್ತರ ಕನ್ನಡದ ಕತೆ ಇನ್ನೂ ಸ್ವಾರಸ್ಯದ್ದು. 1862ರಲ್ಲಿ ಆ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರಣ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಲು ಕಾರವಾರ ಬಂದರು ಬೇಕೆಂದು ಮುಂಬಯಿಯ ವ್ಯಾಪಾರಿಗಳು ಪಟ್ಟು ಹಿಡಿದರು. ಬಂದರು ಅವರು ಎಣಿಸಿದಷ್ಟು ಬೆಳೆಯಲಿಲ್ಲ. ರೈಲು ಕಾರವಾರವನ್ನು ಬಿಟ್ಟು ಪೋರ್ಚುಗೀಸರ ಮರ್ಮಗೋವಾಕ್ಕೆ ಹೋಯಿತು. ಆದರೆ ಕಾರವಾರ, ಅಂಕೋಲೆ, ಕುಮಟೆಯವರಿಗೆ ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ಮುಂಬಯಿಯೇ ರಾಜಧಾನಿಯಾಯಿತು. ಇಂದಿಗೂ ಬಾಂದ್ರಾದಿಂದ ಬೊರಿವಲಿಯವರೆಗೆ ಉತ್ತರ ಕನ್ನಡದವರು ಸಿಗುವುದರ ಹಿಂದೆ ಆ ಹತ್ತಿಯ ನೂಲಿನ ಒಂದು ಎಳೆ ಇದೆ.

1883ರಲ್ಲಿ ಕಾರವಾರಕ್ಕೆ ಬಂದ ಒಬ್ಬ ಪ್ರವಾಸಿಯನ್ನು ಇಲ್ಲಿ ನೆನೆಯಬಹುದು. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಿಲ್ಲಾ ನ್ಯಾಯಾಧೀಶ. ತಮ್ಮನಿಗೆ ಆಗ 22 ವರ್ಷ, ಹೆಸರು ರವೀಂದ್ರನಾಥ ಟಾಗೋರ್. ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲೇ. ಹಿಂದಿರುಗುವಾಗ ಹಡಗಿನಲ್ಲಿ ಕುಳಿತು ಆ ನಾಟಕಕ್ಕೆ ಕೆಲವು ಹಾಡುಗಳನ್ನು ಕಟ್ಟಿದೆನೆಂದು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ಕರಾವಳಿಯ ಆಗಬೋಟನ್ನು ಹೀಗೆ ರಜೆಯ ಮನಸ್ಸಿನಿಂದ ಹತ್ತಿದವರು ಕಡಿಮೆ. ಉಳಿದವರೆಲ್ಲ ಕೈಯಲ್ಲೊಂದು ಟ್ರಂಕು, ಎದೆಯಲ್ಲೊಂದು ವಿಳಾಸ ಇಟ್ಟುಕೊಂಡು ಹೊರಟವರು.

ಈಗ ಮೊದಲ ಪ್ರಶ್ನೆಗೆ ಬರೋಣ. ಯಾವ ಕಾಲದಲ್ಲಿ ಹೋಗಬೇಕು? ಹಳಬರ ಉತ್ತರ ಖಚಿತವಾಗಿತ್ತು. ಮೇ ಕೊನೆಯ ಹೊತ್ತಿಗೆ ಕರಾವಳಿಯ ಬಂದರುಗಳೆಲ್ಲ ಮುಚ್ಚುತ್ತಿದ್ದವು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವ ಮಾತು. ಮರಾಠಿಗರ ನಾರಳಿ ಪೂರ್ಣಿಮೆಯೂ ಅದೇ ದಿನ. ಅದಾದ ಮೇಲೂ ದೊಡ್ಡ ಬೋಟುಗಳು ಸರಿಯಾಗಿ ಓಡುವ ಹೊತ್ತಿಗೆ ಸೆಪ್ಟೆಂಬರ್ ಬರುತ್ತಿತ್ತು. ಮಳೆಗಾಲದಲ್ಲಿ ಮುಂಬಯಿಯಲ್ಲಿದ್ದವನಿಗೆ ಊರಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ, ತಂತಿ ಹಿಡಿದುಕೊಂಡು ಇಲ್ಲೇ ಅಳಬೇಕು. ಈಗಲೂ ಲೆಕ್ಕ ಬಹಳ ಬದಲಾಗಿಲ್ಲ. 2022ರ ಜೂನ್‌ನಲ್ಲಿ ಮುಂಬಯಿಯ ಕ್ರೂಸ್ ಹಡಗು ಚೆನ್ನೈಗೆ ಹೋಗಿ ಅಲ್ಲಿಂದ ಪ್ರಯಾಣ ನಡೆಸಿತು. ನೈರುತ್ಯ ಮಾರುತದ ಹೊಡೆತ ಆ ಕರಾವಳಿಯಲ್ಲಿ ಕಡಿಮೆ. ನನ್ನನ್ನು ಕೇಳಿದರೆ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಅರಬ್ಬೀ ಸಮುದ್ರ ಶಾಂತ. ಕ್ರಿಸ್‌ಮಸ್ ವಾರ ಬಿಟ್ಟರೆ ದರವೂ ಸಹ್ಯ. ಮೇ ರಜೆಯ ಕೊನೆಯ ವಾರದಲ್ಲಿ ಅಗ್ಗದ ಟಿಕೆಟ್ ಕಂಡರೆ, ಅದು ಯಾಕೆ ಅಗ್ಗ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಜಾಗದ ಪ್ರಶ್ನೆಯಲ್ಲಿ ಮಾತ್ರ ಅಜಗಜಾಂತರ. ಆಗಬೋಟಿನಲ್ಲಿ ಕ್ಯಾಬಿನ್ ಕೆಲವರಿಗಷ್ಟೆ. ಬಹುಪಾಲು ಜನ ಡೆಕ್ಕಿನ ಪ್ರಯಾಣಿಕರು. ಬೋಟು ಧಕ್ಕೆಗೆ ತಾಗುತ್ತಲೇ ಹಮಾಲರು ಮುಂಚೆ ನುಗ್ಗಿ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದರು, ಅದಕ್ಕಿಷ್ಟು ಚಿಲ್ಲರೆ. ಈ ಪದ್ಧತಿ 1980ರ ದಶಕದ ಗೋವಾ ಸ್ಟೀಮರಿನವರೆಗೂ ಉಳಿದಿತ್ತು. ‘ಕೊಂಕಣ ಸೇವಕ’, ‘ಕೊಂಕಣ ಶಕ್ತಿ’ ಎಂಬ ಹಡಗುಗಳು ಬೆಳಿಗ್ಗೆ ಭಾವುಚಾ ಧಕ್ಕೆಯಿಂದ ಹೊರಟು ಮರುದಿನ ಬೆಳಿಗ್ಗೆ ಪಣಜಿ ಮುಟ್ಟುತ್ತಿದ್ದವು. ನಮ್ಮ ಕರಾವಳಿಯವರಿಗೆ ‘ಧಕ್ಕೆ’ ಪರಿಚಿತ ಶಬ್ದ. ಮಲ್ಪೆಯಲ್ಲೂ ಧಕ್ಕೆ, ಮಂಗಳೂರಿನಲ್ಲೂ ಧಕ್ಕೆ, ಮಜಗಾಂವಿನಲ್ಲೂ ಅದೇ ಧಕ್ಕೆ. ಮೊದಲ ಸಲ ಮುಂಬಯಿಗೆ ಇಳಿದ ಹುಡುಗನಿಗೆ ಅರ್ಥವಾದ ಮೊದಲ ಮರಾಠಿ ಪದವೇ ಅದಾಗಿದ್ದೀತು.

ಇಂದಿನ ಹಡಗಿನಲ್ಲಿ ಒಳಕೋಣೆ, ಕಿಟಕಿಯ ಕೋಣೆ, ಬಾಲ್ಕನಿ ಕೋಣೆ ಎಂದು ಮೆಟ್ಟಿಲುಗಳು. ಬಾಲ್ಕನಿಗೆ ಮಾರುಹೋಗುವ ಮೊದಲು ಒಂದು ಮಾತು. ಹಡಗು ಕಡಿಮೆ ಓಲಾಡುವುದು ಅದರ ನಡುಭಾಗದಲ್ಲಿ, ಅದೂ ಕೆಳಗಿನ ಅಂತಸ್ತುಗಳಲ್ಲಿ. ತಲೆ ತಿರುಗುವ ಸ್ವಭಾವದವರಿಗೆ ಅಲ್ಲಿನ ಅಗ್ಗದ ಕೋಣೆಯೇ ತುದಿಯ ಮೇಲಂತಸ್ತಿನ ದುಬಾರಿ ಕೋಣೆಗಿಂತ ಹಿತ. ಮೊಣಕಾಲು ನೋವಿನ ಹಿರಿಯರಿದ್ದರೆ ಲಿಫ್ಟಿನ ಹತ್ತಿರದ ಕೋಣೆ ಕೇಳಿ, ಆದರೆ ಅದಕ್ಕೆ ಅಂಟಿಕೊಂಡದ್ದು ಬೇಡ, ರಾತ್ರಿಯಿಡೀ ಸದ್ದು. ಜಾಹೀರಾತಿನ ದರಕ್ಕೆ ತೆರಿಗೆ, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸು ಸೇರುತ್ತವೆ. ಒಟ್ಟು ಎಷ್ಟಾಗುತ್ತದೆಂದು ಮೊದಲೇ ಬರೆಸಿಕೊಳ್ಳುವುದು ಕ್ಷೇಮ. ದೇಶದೊಳಗಿನ ಪ್ರಯಾಣಕ್ಕೆ ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟ್‌ನಂಥ ಗುರುತಿನ ಪತ್ರದ ಮೂಲಪ್ರತಿ ಬೇಕು. ಶ್ರೀಲಂಕಾದಂಥ ಕಡೆಗಾದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್. ಗರ್ಭಿಣಿಯರು ಎಷ್ಟು ವಾರದವರೆಗೆ ಪ್ರಯಾಣಿಸಬಹುದೆಂಬ ಮಿತಿ ಪ್ರತಿ ಕಂಪನಿಗೂ ಇರುತ್ತದೆ, ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ದಿನನಿತ್ಯದ ಮಾತ್ರೆಗಳನ್ನು ಕೈಚೀಲದಲ್ಲಿಡಿ, ದೊಡ್ಡ ಪೆಟ್ಟಿಗೆ ಕೋಣೆಗೆ ಬರುವಾಗ ಸಂಜೆಯಾದೀತು. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಮೊಬೈಲ್ ಮೂಕವಾಗುತ್ತದೆ. ಬ್ಯಾಂಕಿನ ಒಟಿಪಿ ಬೇಕಾಗುವ ಕೆಲಸಗಳನ್ನೆಲ್ಲ ದಡದಲ್ಲೇ ಮುಗಿಸಿ.

ಊಟದ ವಿಚಾರ ಬೇಗ ಮುಗಿಸುತ್ತೇನೆ. ಆಗಿನವರು ಅವಲಕ್ಕಿ, ಚಪಾತಿ, ಉಪ್ಪಿನಕಾಯಿಯ ಬುತ್ತಿ ಕಟ್ಟಿಕೊಂಡು ಹೋದರು. ಈಗ ಸಸ್ಯಾಹಾರ ಮಾತ್ರವಲ್ಲ, ಜೈನರ ಅಡುಗೆಯೂ ಸಿಗುತ್ತದೆ. ಆದರೆ ಹೊಟ್ಟೆ ತೊಳಸುವವರಿಗೆ ಹಳಬರ ಉಪಾಯವೇ ಈಗಲೂ ನಡೆಯುತ್ತದೆ: ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ, ಬಾಯಲ್ಲೊಂದು ಚೂರು ಶುಂಠಿ, ಕಣ್ಣು ದಿಗಂತದ ಮೇಲೆ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಹಡಗು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲಲ್ಲ.

ಯಾರೂ ಗುಂಪಿನಲ್ಲಿ ಕೇಳದ ಪ್ರಶ್ನೆಯೊಂದಿದೆ. ಹಡಗು ಮುಳುಗಿದರೆ? ಅಶುಭ ಮಾತು ಎನ್ನಬೇಡಿ. ಮುಂಬಯಿ ಕರಾವಳಿಯ ನೀರಿಗೆ ಈ ಪ್ರಶ್ನೆ ಹೊಸದಲ್ಲ. 1888ರ ನವೆಂಬರಿನಲ್ಲಿ ಕಛ್‌ನ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಬಿರುಗಾಳಿಗೆ ಸಿಕ್ಕಿ ಕಾಣೆಯಾಯಿತು. ಅದರಲ್ಲಿ ಮೆಟ್ರಿಕ್ ಪರೀಕ್ಷೆ ಬರೆಯಲು ಬರುತ್ತಿದ್ದ ಹುಡುಗರೂ ಇದ್ದರು. ವಿದ್ಯುದ್ದೀಪಗಳಿದ್ದ ಕಾರಣ ಜನ ಅದನ್ನು ‘ವಿಜಳಿ’ ಎಂದು ಕರೆಯುತ್ತಿದ್ದರು. ಕೊಂಕಣ ಕರಾವಳಿಯಲ್ಲಿ ‘ಜಯಂತಿ’, ‘ತುಕಾರಾಮ’ ಎಂಬ ಎರಡು ಬೋಟುಗಳು 1927ರ ನವೆಂಬರಿನಲ್ಲಿ ಒಂದೇ ದಿನ ಮುಳುಗಿದವು.

ಎಲ್ಲಕ್ಕಿಂತ ದೊಡ್ಡ ಗಾಯ ‘ರಾಮದಾಸ’ನದು. ವಿಲಾಯತಿ ಕಂಪನಿಗಳಿಗೆ ಎದುರಾಗಿ ಕೊಂಕಣದ ಸ್ವದೇಶಿ ಅಭಿಮಾನಿಗಳು ಕಟ್ಟಿದ ಸಹಕಾರಿ ಕಂಪನಿಯ ಬೋಟು ಅದು. 1936ರಲ್ಲಿ ಕಟ್ಟಿದ್ದು, 406 ಟನ್ನಿನದು. 1947ರ ಜುಲೈ 17, ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಬೆಳಿಗ್ಗೆ ಭಾವುಚಾ ಧಕ್ಕೆಯಿಂದ ರೇವಸ್‌ಗೆ ಹೊರಟಿತು. ಅಮಾವಾಸ್ಯೆಗೆ ಊರು ಸೇರುವ ತವಕದವರು ಸುಮಾರು ಏಳುನೂರು ಮಂದಿ. ಮಳೆ, ಗಾಳಿ. ನೀರು ನುಗ್ಗುತ್ತಲೇ ಜನ ಒಂದೇ ಬದಿಗೆ ಓಡಿದರು, ಬೋಟು ಮಗುಚಿತು. ಸತ್ತವರು 600ಕ್ಕೂ ಹೆಚ್ಚು. ಬೋಟಿನಲ್ಲಿ ವೈರ್‌ಲೆಸ್ ಇರಲಿಲ್ಲ. ಬಂದರಿನಿಂದ ಕೆಲವೇ ಮೈಲಿ ದೂರದಲ್ಲಿ ಅಷ್ಟು ಜನ ಮುಳುಗಿದ್ದರೂ ಗಂಟೆಗಟ್ಟಲೆ ಈ ಮಹಾನಗರಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಈಜಿ ದಡ ಸೇರಿದ ಒಬ್ಬ ಹುಡುಗನಿಂದ ವಿಷಯ ಹೊರಬಿತ್ತು. ಸತ್ತವರಲ್ಲಿ ಬಹುಪಾಲು ಸಾಧಾರಣ ಜನ, ಗಿರಣಿಯ ಮತ್ತು ಅಂಗಡಿಯ ಕೆಲಸಗಾರರು, ರಜೆ ಪಡೆದು ಊರಿಗೆ ಹೊರಟವರು. ಮುಂಬಯಿಗೆ ಬಂದ ಯಾವ ವಲಸಿಗನೂ ಆ ಪಟ್ಟಿಯಲ್ಲಿ ತನ್ನ ಹೆಸರನ್ನು ಕಲ್ಪಿಸಿಕೊಳ್ಳಬಲ್ಲ.

ಇದು ಹಳೆಯ ಕತೆ ಎಂದು ತಳ್ಳಿಹಾಕುವಂತಿಲ್ಲ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ‘ನೀಲಕಮಲ’ ಬೋಟಿಗೆ ನೌಕಾಪಡೆಯ ವೇಗದ ದೋಣಿ ಗುದ್ದಿ 15 ಮಂದಿ ಸತ್ತರು. ಲೈಫ್ ಜಾಕೆಟ್ ಧರಿಸುವುದು ಕಡ್ಡಾಯವೆಂಬ ಕಟ್ಟುನಿಟ್ಟು ಬಂದದ್ದು ಅದರ ನಂತರ. ಕ್ರೂಸ್ ಹಡಗಿನಲ್ಲಿ ಹೊರಡುವ ಮುನ್ನ ನಡೆಯುವ ಸುರಕ್ಷತಾ ಕವಾಯತಿಗೂ ಒಂದು ಸಾವಿನ ಚರಿತ್ರೆ ಇದೆ. 2012ರ ಜನವರಿಯಲ್ಲಿ ಇಟಲಿಯ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ಸಂಜೆ ಹತ್ತಿದ ನೂರಾರು ಜನರಿಗೆ ಇನ್ನೂ ಕವಾಯತಿಯೇ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಕವಾಯತು ಮುಗಿಸಬೇಕೆಂದಾಯಿತು. ಆ ಅರ್ಧ ಗಂಟೆಯಲ್ಲಿ ಈಜುಕೊಳದ ಪಕ್ಕ ಸೆಲ್ಫಿ ತೆಗೆಯುತ್ತಾ ನಿಲ್ಲುವವರನ್ನು ಕಂಡರೆ ನನಗೆ ರಾಮದಾಸನ ನೆನಪಾಗುತ್ತದೆ. ನಿಮ್ಮ ಕೋಣೆಯಿಂದ ಒಟ್ಟುಗೂಡುವ ಜಾಗಕ್ಕೆ ಒಮ್ಮೆ ಕಾಲಲ್ಲೇ ನಡೆದು ನೋಡಿ. ಮಕ್ಕಳ ಅಳತೆಯ ಜಾಕೆಟ್ ಕೋಣೆಯಲ್ಲಿ ಇಲ್ಲದಿದ್ದರೆ ಕೂಡಲೇ ಕೇಳಿ ತರಿಸಿ.

ಆಗಬೋಟು ಹೇಗೆ ಸತ್ತಿತು? ನಿಧಾನವಾಗಿ. ಹೊಳೆಗಳಿಗೆ ಸೇತುವೆಗಳಾದವು, ಬಸ್ಸುಗಳು ಬಂದವು. ಮಂಗಳೂರಿನ ಹಳೆಯ ಬಂದರಿನ ಬಾಯಲ್ಲಿ ಮರಳದಿಣ್ಣೆ, ಹಡಗು ಹೊರಗೆ ನಿಂತರೆ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಅಲೆಗೆ ಏರಿಳಿಯುವ ದೋಣಿಗೆ ಹಡಗಿನಿಂದ ಕಾಲಿಡುವ ಆ ಗಳಿಗೆ ಹಳಬರಿಗೆ ಇಡೀ ಪ್ರಯಾಣಕ್ಕಿಂತ ಹೆಚ್ಚು ಭಯದ್ದು. ಸುರತ್ಕಲ್ ಬಳಿ ನವಮಂಗಳೂರು ಬಂದರು 1974ರಲ್ಲಿ ತೆರೆಯಿತಾದರೂ ಹೊತ್ತು ಮೀರಿತ್ತು. ಕೊಂಕಣ ರೈಲು 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದುಕೊಂಡಿತು, ಅದೇ ಮೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡಿತು. ಕಡಲ ದಾರಿಯನ್ನು ಮುಗಿಸಿದ ರೈಲಿಗೆ ಮೀನಿನ ವಾಸನೆಯ ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಹೊಸ ಹಡಗುಗಳು ಬಂದದ್ದು ಸಂಪೂರ್ಣ ಬೇರೆ ಕಾರಣಕ್ಕೆ. 2018ರಲ್ಲಿ ‘ಆಂಗ್ರಿಯಾ’ ಗೋವಾಕ್ಕೆ ಓಡಿತು, ಹೆಚ್ಚು ಕಾಲ ಉಳಿಯಲಿಲ್ಲ. 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಓಡುತ್ತಿದೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು, 48,000 ಟನ್ನಿಗೂ ಮೀರಿದ್ದು. 2025ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಹೊಸ ಕ್ರೂಸ್ ಟರ್ಮಿನಲ್‌ನ ಉದ್ಘಾಟನೆಯೂ ಆಯಿತು. ಆದರೆ ಆಗಬೋಟು ನಮ್ಮನ್ನು ಊರಿಗೆ ಮುಟ್ಟಿಸುತ್ತಿತ್ತು, ಕ್ರೂಸು ಹತ್ತಿದ ಜಾಗಕ್ಕೇ ತಂದುಬಿಡುತ್ತದೆ. ನವಮಂಗಳೂರಿಗೆ ಚಳಿಗಾಲದಲ್ಲಿ ವಿದೇಶಿ ಹಡಗುಗಳು ಬರುತ್ತವೆ, ಬಿಳಿಯ ಹಿರಿಯರು ಇಳಿದು ಕುದ್ರೋಳಿ, ಮೂಡುಬಿದಿರೆ ನೋಡಿ ಹತ್ತುತ್ತಾರೆ. ಊರಿಗೆ ಹೋಗಬೇಕಾದ ಕುರ್ಲಾದ ಕನ್ನಡಿಗ ಮಾತ್ರ ಗಣೇಶ ಚೌತಿಗೆ ವೇಟಿಂಗ್ ಲಿಸ್ಟ್ ನೋಡುತ್ತಾ ಕೂತಿರುತ್ತಾನೆ. ಇದನ್ನು ಪ್ರಗತಿ ಎನ್ನಬೇಕೋ ಏನೋ, ನನಗಂತೂ ಒಂದು ಕಳೆದುಹೋದ ದಾರಿಯಂತೆ ಕಾಣುತ್ತದೆ.

ಲಕ್ಷದ್ವೀಪಕ್ಕೆ ಹೋಗುವವರಿಗೆ ಹಳೆಯ ಮಂಗಳೂರಿನ ಅನುಭವ ಸಿಕ್ಕೀತು. ಅಲ್ಲಿ ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ಇಳಿಯಬೇಕು, ಕಡಲು ಒರಟಾದರೆ ಇಳಿಯುವುದೇ ರದ್ದು. ಕಾಲು ಗಟ್ಟಿಯಿಲ್ಲದ ಹಿರಿಯರಿಗೆ ಇದನ್ನು ಮೊದಲೇ ಹೇಳಿ. ಮತ್ತೆ ಕೋಣೆ ಆರಿಸುವಾಗ ಇನ್ನೊಂದು: ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವ ಹಡಗಿಗೆ ದಡ ಎಡಗಡೆ, ಮರಳುವಾಗ ಬಲಗಡೆ. ಗೋವಾ ದಾಟಿ ಕೊಚ್ಚಿಯ ಕಡೆಗೆ ಹೋಗುವುದಿದ್ದರೆ ರಾತ್ರಿ ಅಮ್ಮನನ್ನು ಎಡಬದಿಯ ಡೆಕ್ಕಿಗೆ ಕರೆದುಕೊಂಡು ಬನ್ನಿ. ಹಡಗು ತೀರಕ್ಕೆ ಸ್ವಲ್ಪ ಹತ್ತಿರ ಸಾಗಿದರೆ ಕಾರವಾರದ ದ್ವೀಪದ ದೀಪಸ್ತಂಭ ಮಿನುಗುವುದು ಕಾಣಬಹುದು. ಅದರಾಚೆಯ ಸಣ್ಣ ಬೆಳಕುಗಳು ಯಾವ ಊರಿನವು ಎಂಬುದನ್ನು ಅವರೇ ಹೇಳಲಿ.