ಯುದ್ಧ ಮುಗಿದ ಮೇಲೆ ಜೀಪು ಎಲ್ಲಿಗೆ ಹೋಯಿತು?

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಎದ್ದದ್ದು ತೋಪಿನ ಖರೀದಿಯಲ್ಲಲ್ಲ, ವಿಮಾನದ ಖರೀದಿಯಲ್ಲೂ ಅಲ್ಲ. ಸೆಕೆಂಡ್‌ಹ್ಯಾಂಡ್ ಜೀಪುಗಳ ಖರೀದಿಯಲ್ಲಿ.

1948ರಲ್ಲಿ ಕಾಶ್ಮೀರದಲ್ಲಿ ಕಾದಾಟ ನಡೆದಿತ್ತು. ಸೈನ್ಯಕ್ಕೆ ಜೀಪುಗಳು ತುರ್ತಾಗಿ ಬೇಕಾಗಿದ್ದವು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್, ಯುದ್ಧದಲ್ಲಿ ಓಡಿ ದಣಿದಿದ್ದ ಜೀಪುಗಳನ್ನು ದುರಸ್ತಿ ಮಾಡಿ ಕೊಡುವುದಾಗಿ ಹೇಳಿದ ಒಂದು ವಿದೇಶಿ ಕಂಪನಿಯೊಡನೆ ಒಪ್ಪಂದಕ್ಕೆ ಬಂದರು. ವ್ಯವಹಾರ ಸುಮಾರು 80 ಲಕ್ಷ ರೂಪಾಯಿಯದು. ಮಾಲನ್ನು ಯಾರೂ ಪರೀಕ್ಷಿಸುವ ಮೊದಲೇ ಹಣದ ದೊಡ್ಡ ಪಾಲು ಸಂದಾಯವಾಯಿತು. ಕೊನೆಗೆ ಮದ್ರಾಸಿನಲ್ಲಿ ಬಂದಿಳಿದದ್ದು 155 ಜೀಪುಗಳು. ಅವೂ ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಸಂಸತ್ತಿನಲ್ಲಿ ಗದ್ದಲವಾಯಿತು, ವಿಚಾರಣೆಯಾಯಿತು. 1955ರಲ್ಲಿ ಗೃಹಸಚಿವ ಗೋವಿಂದ ವಲ್ಲಭ ಪಂತ್ ಪ್ರಕರಣ ಮುಗಿಯಿತೆಂದು ಸಾರಿದರು. ಮೆನನ್ ವಿರುದ್ಧ ನ್ಯಾಯಾಲಯದಲ್ಲಿ ಯಾವ ಆರೋಪವೂ ಸಾಬೀತಾಗಲಿಲ್ಲ. ಮರುವರ್ಷ ಅವರು ಕೇಂದ್ರ ಸಂಪುಟ ಸೇರಿದರು.

ರಾಜಕೀಯವನ್ನು ಬದಿಗಿಟ್ಟು ನೋಡಿದರೆ ಇದು ಎಂಥವರಿಗೂ ಗೊತ್ತಿರುವ ಕಥೆಯೇ. ಹಳೆಯ ಫೋರ್‌ವೀಲ್ ಗಾಡಿಯನ್ನು ಕಣ್ಣಾರೆ ನೋಡದೆ, ಅಡಿಗೆ ಬಗ್ಗದೆ, ಮುಂಗಡ ಕೊಟ್ಟು ಕೊಂಡವರ ಪಾಡು. ಇವತ್ತು ಕಾಡಿನ ಅಂಚಿನಲ್ಲಿ ಡೇರೆ ಹಾಕಬೇಕು, ಹಿಂದೆ ಒಂದು ಟ್ರೇಲರ್ ಎಳೆಯಬೇಕು ಎಂಬ ಆಸೆಯಿಂದ ಹಳೆಯ ಜೀಪು, ಜಿಪ್ಸಿ, ಪಿಕಪ್ಪುಗಳನ್ನು ಹುಡುಕಿಕೊಂಡು ಹೋಗುವ ಯುವಕರು ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಕಡಿಮೆಯೇನಿಲ್ಲ. ಅವರ ಮುಂದೆ ನಿಂತಿರುವ ಗಾಡಿಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆ ಗೊತ್ತಿದ್ದರೆ ಆಯ್ಕೆಯೂ ಸ್ವಲ್ಪ ಸುಲಭ.

ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಕಲ್ಪನೆ ಹುಟ್ಟಿದ್ದು ಯುದ್ಧಕ್ಕಾಗಿಯೇ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 1903ರಲ್ಲಿ ಹಾಲೆಂಡಿನ ಸ್ಪೈಕರ್ ಸಹೋದರರು ಮಾಡಿದ ನಾಲ್ಕು ಚಕ್ರ ಚಾಲನೆಯ ಕಾರು ಓಟದ ಪಂದ್ಯಕ್ಕೆಂದು ತಯಾರಾದದ್ದು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಯಂತ್ರದಂಗಡಿ ಇಟ್ಟುಕೊಂಡಿದ್ದ ಆಟೊ ಜಾಕೊ ಮತ್ತು ವಿಲಿಯಂ ಬೆಸರ್ಡಿಕ್, ಹಳ್ಳಿಯ ಕೆಸರು ರಸ್ತೆಯಲ್ಲಿ ಗಾಡಿ ಹೂತುಕೊಳ್ಳದಿರಲು ಏನು ಮಾಡಬೇಕೆಂದು ತಲೆ ಕೆಡಿಸಿಕೊಂಡಿದ್ದರು. ತೊಡಕು ಇದ್ದದ್ದು ಮುಂದಿನ ಚಕ್ರದಲ್ಲಿ. ಅದು ಎಡಕ್ಕೆ ಬಲಕ್ಕೆ ತಿರುಗಲೂ ಬೇಕು, ಎಂಜಿನಿನ ಶಕ್ತಿಯಿಂದ ಉರುಳಲೂ ಬೇಕು. ತಿರುಗುವಾಗಲೂ ಶಕ್ತಿ ಕಡಿಯದಂತೆ ಸಾಗಿಸುವ ಒಂದು ಕೀಲನ್ನು ಅವರು ಕಂಡುಹಿಡಿದು 1908ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅವರ ಊರಿನಲ್ಲೇ ಫೋರ್ ವೀಲ್ ಡ್ರೈವ್ ಆಟೊ ಕಂಪನಿ ತಲೆಯೆತ್ತಿತು.

ಅದನ್ನು ದೊಡ್ಡದು ಮಾಡಿದ್ದು ಮಾತ್ರ ಮೊದಲನೆಯ ಮಹಾಯುದ್ಧ. ಸಾವಿರಗಟ್ಟಲೆ ಲಾರಿಗಳು ಫ್ರಾನ್ಸಿನ ಕೆಸರಿಗೆ ಹೋದವು. ಯುದ್ಧ ಮುಗಿದಾಗ ಉಳಿದ ಲಾರಿಗಳನ್ನು ಅಮೆರಿಕದ ಸರ್ಕಾರ ರಸ್ತೆ ಮಾಡಿಕೊಳ್ಳಿ ಎಂದು ಪ್ರಾಂತಗಳ ಹೆದ್ದಾರಿ ಇಲಾಖೆಗಳಿಗೆ ಹಂಚಿತು. ರಸ್ತೆಯಿಲ್ಲದ ಕಡೆ ಓಡಲೆಂದು ಮಾಡಿದ ಗಾಡಿಗಳೇ ಹೀಗೆ ರಸ್ತೆ ಹಾಕುವ ಕೆಲಸಕ್ಕೆ ನಿಂತವು! ಸೈನ್ಯಕ್ಕೆ ಬೇಡವಾದದ್ದು ನಾಗರಿಕರ ಕೈಗೆ ಬರುವ ಸಂಪ್ರದಾಯ ಇಲ್ಲಿಂದ ಗಟ್ಟಿಯಾಯಿತು.

49 ದಿನಗಳ ಗಾಡಿ

ಜೀಪಿನ ಹುಟ್ಟು ಇನ್ನೂ ಸ್ವಾರಸ್ಯದ್ದು. 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಕರೆ ಕಳಿಸಿತು. ಹಗುರವಾದ, ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಗಾಡಿ ಬೇಕು, ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕು. ತೂಕ 590 ಕೆ.ಜಿ. ಮೀರಬಾರದು. ಉತ್ತರ ಬಂದದ್ದು ಎರಡೇ ಕಡೆಯಿಂದ. ಒಂದು ವಿಲ್ಲೀಸ್ ಓವರ್‌ಲ್ಯಾಂಡ್, ಇನ್ನೊಂದು ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಬ್ಯಾಂಟಂ. ಗಡುವಿಗೆ ಒಪ್ಪಿದ್ದು ಬ್ಯಾಂಟಂ ಮಾತ್ರ. ಅದು ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿತು. ಅವರು ಎರಡೇ ದಿನದಲ್ಲಿ ನಕ್ಷೆ ಬರೆದರು. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಬಾಕಿ ಇರುವಾಗ, ಗಾಡಿ ಬಾಲ್ಟಿಮೋರಿನ ಸೈನಿಕ ಠಾಣೆಗೆ ತಲುಪಿತು.

ಮುಂದಾದದ್ದು ಬ್ಯಾಂಟಂಗೆ ನ್ಯಾಯವಲ್ಲ. ಇಷ್ಟು ಸಣ್ಣ ಕಂಪನಿ ಯುದ್ಧಕ್ಕೆ ಬೇಕಾದಷ್ಟು ಗಾಡಿ ಕೊಡಲಾರದು ಎಂದು ಸೈನ್ಯ ಅದರ ನಕ್ಷೆಗಳನ್ನು ವಿಲ್ಲೀಸ್‌ಗೂ ಫೋರ್ಡ್‌ಗೂ ತೋರಿಸಿತು. ಅವರಿಬ್ಬರೂ ಸೇರಿ ಯುದ್ಧ ಮುಗಿಯುವುದರೊಳಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದರು. ಬ್ಯಾಂಟಂ ಮಾಡಿದ್ದು 3 ಸಾವಿರಕ್ಕಿಂತ ಕಡಿಮೆ. ಆಮೇಲೆ ಅದಕ್ಕೆ ಸಿಕ್ಕಿದ ಕೆಲಸವೇನು ಗೊತ್ತೆ? ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವುದು. ಸುಮಾರು 227 ಕೆ.ಜಿ. ಸರಕು ಹಿಡಿಯುವ, ಎರಡು ಚಕ್ರದ ಆ ಪುಟ್ಟ ಟ್ರೇಲರ್ ಇಂದು ಕ್ಯಾಂಪಿಂಗ್ ಮೋಹಿಗಳು ಎಳೆದುಕೊಂಡು ಹೋಗುವ ಟ್ರೇಲರಿನ ಅಜ್ಜ.

ತೂಕದ ಮಿತಿಯನ್ನೂ ಯಾರೂ ಪಾಲಿಸಲಾಗಲಿಲ್ಲ. ವಿಲ್ಲೀಸ್ ಜೀಪು ಸಾವಿರ ಕೆ.ಜಿ. ದಾಟಿತು. ಆದರೆ ಅದರಲ್ಲಿ 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ ಇತ್ತು. ಅದಕ್ಕಿಂತ ಮುಖ್ಯವಾಗಿ ಡ್ರೈವರನ ಕಾಲ ಬಳಿ ಎರಡು ಪುಟ್ಟ ಲಿವರ್‌ಗಳಿದ್ದವು. ಒಂದು, ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವುದಕ್ಕೆ. ಇನ್ನೊಂದು, ವೇಗವನ್ನು ಅರ್ಧಕ್ಕಿಳಿಸಿ ಎಳೆಯುವ ಬಲವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುವುದಕ್ಕೆ. ಗ್ಯಾರೇಜಿನಲ್ಲಿ 'ಲೋ' ಎನ್ನುವುದು ಇದನ್ನೇ. ಕಡಿದಾದ ಏರಿನಲ್ಲಿ ಕ್ಲಚ್ ಸುಡದೆ ಹತ್ತಿಸುವುದು, ಇಳಿಜಾರಿನಲ್ಲಿ ಬ್ರೇಕಿಗೆ ತೊಂದರೆ ಕೊಡದೆ ಎಂಜಿನಿನಿಂದಲೇ ತಡೆಯುವುದು, ಹಿಂದೆ ಕಟ್ಟಿದ ಭಾರವನ್ನು ನಿಂತಲ್ಲಿಂದ ಕದಲಿಸುವುದು, ಎಲ್ಲಕ್ಕೂ ಈ ಎರಡನೆಯ ಲಿವರೇ ಆಧಾರ.

ಈ ಏರ್ಪಾಡಿನ ಒಂದು ಗುಣ ಹೊಸಬರಿಗೆ ಗೊತ್ತಿರುವುದಿಲ್ಲ. ಗಾಡಿ ತಿರುವಿನಲ್ಲಿ ಹೋಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಮುಂದು ಹಿಂದನ್ನು ಗಟ್ಟಿಯಾಗಿ ಬೆಸೆದಾಗ ಈ ವ್ಯತ್ಯಾಸಕ್ಕೆ ಎಲ್ಲಾದರೂ ಎಡೆ ಸಿಗಬೇಕು. ಕೆಸರಿನಲ್ಲಿ ಚಕ್ರ ಜಾರಿ ಎಡೆ ಮಾಡಿಕೊಡುತ್ತದೆ. ಒಣ ಡಾಂಬರಿನಲ್ಲಿ ಚಕ್ರ ಜಾರದು. ಆ ಬಿಗಿತವೆಲ್ಲ ಹಲ್ಲುಚಕ್ರಗಳ ಮೇಲೆ, ಕೀಲುಗಳ ಮೇಲೆ ಬೀಳುತ್ತದೆ. ಫೋರ್‌ವೀಲ್ ಹಾಕಿಕೊಂಡೇ ಟಾರು ರಸ್ತೆಯಲ್ಲಿ ಮೆರೆದ ಗಾಡಿಯ ಒಳಗು ಹೀಗೆ ಸವೆದಿರುತ್ತದೆ. ಹೊರಗಿನ ಬಣ್ಣ ನೋಡಿದರೆ ಇದು ತಿಳಿಯುವುದಿಲ್ಲ.

ತೋಟಕ್ಕೆ ಬಂದ ಸಿಪಾಯಿ

ಎರಡನೆಯ ಮಹಾಯುದ್ಧ ಮುಗಿದಾಗ ಜಗತ್ತಿನಾದ್ಯಂತ ಜೀಪುಗಳ ರಾಶಿ ಬಿದ್ದಿತ್ತು. ಫಿಲಿಪ್ಪೀನ್ಸಿನಲ್ಲಿ ಜನ ಅವನ್ನು ಉದ್ದ ಮಾಡಿ, ಬಣ್ಣ ಬಳಿದು 'ಜೀಪ್ನಿ' ಎಂಬ ಬಸ್ಸು ಮಾಡಿಕೊಂಡರು. ಬ್ರಿಟನ್ನಿನ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್, ಆಂಗ್ಲ್‌ಸೀ ದ್ವೀಪದ ತಮ್ಮ ಹೊಲದ ಕೆಲಸಕ್ಕೆ ಸೈನ್ಯದ ಹಳೆಯ ಜೀಪನ್ನು ಇಟ್ಟುಕೊಂಡಿದ್ದರು. ಅದು ಸವೆದರೆ ಬದಲಿಗೆ ಏನು ಎಂಬ ಪ್ರಶ್ನೆಯಿಂದ ಲ್ಯಾಂಡ್ ರೋವರ್ ಹುಟ್ಟಿತು. 1948ರ ಏಪ್ರಿಲ್ 30ರಂದು ಆಮ್ಸ್ಟರ್‌ಡ್ಯಾಮಿನಲ್ಲಿ ಅದರ ಪ್ರದರ್ಶನ. ಉಕ್ಕಿನ ಅಭಾವದ ಕಾಲವಾದ್ದರಿಂದ ಮೈಯೆಲ್ಲ ಅಲ್ಯುಮಿನಿಯಂ. ಅಮೆರಿಕದಲ್ಲಿ ಡಾಡ್ಜ್ ಕಂಪನಿ ತನ್ನ ಸೈನಿಕ ಲಾರಿಯನ್ನೇ 1946ರಲ್ಲಿ 'ಪವರ್ ವ್ಯಾಗನ್' ಎಂದು ರೈತರಿಗೆ ಮಾರಿತು. 1951ರಲ್ಲಿ ಜಪಾನಿನ ಟೊಯೊಟ, ನಿಸ್ಸಾನ್ ಎರಡೂ ಜೀಪಿನ ಹಾದಿ ಹಿಡಿದವು.

ಭಾರತದಲ್ಲಿ ಅಸ್ಸಾಂ–ಬರ್ಮಾ ರಂಗದಿಂದ ಮಿಕ್ಕ ಗಾಡಿಗಳು ಹರಾಜಿಗೆ ಬಂದವು. 'ಡಿಸ್ಪೋಸಲ್ ಮಾಲು' ಎಂಬ ಮಾತು ನಮ್ಮ ಪೇಟೆಗಳಲ್ಲಿ ಬೇರೂರಿದ್ದು ಆ ಕಾಲದಲ್ಲೇ. 1945ರಲ್ಲಿ ಹುಟ್ಟಿದ ಮಹೀಂದ್ರ ಮತ್ತು ಮೊಹಮ್ಮದ್ ಕಂಪನಿ ಉಕ್ಕಿನ ವ್ಯಾಪಾರದ್ದು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದದ್ದು ಮಹೀಂದ್ರ ಮತ್ತು ಮಹೀಂದ್ರ. ಅದು ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ನಂತರ ಇಲ್ಲೇ ತಯಾರಿಸಿತು.

ಮಲೆನಾಡಿನಲ್ಲಿ ಜೀಪಿಗೆ ಸಿಕ್ಕ ಮರ್ಯಾದೆ ಬಯಲುಸೀಮೆಯವರಿಗೆ ಪೂರ್ತಿ ಅರ್ಥವಾಗುವುದು ಕಷ್ಟ. ಕೊಡಗು, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಮಳೆ ಹಿಡಿಯಿತೆಂದರೆ ತಿಂಗಳುಗಟ್ಟಲೆ ಬಿಡದು. ಗೊಬ್ಬರದ ಮೂಟೆ, ಕೆಲಸದವರು, ಕಾಫಿ ಚೀಲ, ಆಸ್ಪತ್ರೆಗೆ ಹೋಗಬೇಕಾದ ಬಸುರಿ, ಮದುವೆಯ ದಿಬ್ಬಣ ಎಲ್ಲವೂ ಜೀಪಿನಲ್ಲೇ. ಕೊಡಚಾದ್ರಿಯ ಕಲ್ಲುಹಾದಿಯಲ್ಲಿ ಪ್ರವಾಸಿಗರನ್ನು ಕುಲುಕಾಡಿಸುತ್ತ ಹತ್ತುವುದೂ, ಮಾಂದಲ್‌ಪಟ್ಟಿಯ ಬೆಟ್ಟಕ್ಕೆ ಒಯ್ಯುವುದೂ ಇಂಥ ಜೀಪುಗಳೇ. ಹತ್ತಿರದ ಪಟ್ಟಣದಲ್ಲೇ ಬಿಡಿಭಾಗ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇದ್ದುದು ಅದರ ಗೆಲುವಿನ ಗುಟ್ಟು. ವಿದೇಶದಲ್ಲಿ ಹೆಸರಾದ ಗಾಡಿ ಎಂದು ಆಸೆಪಟ್ಟು ಬಿಡಿಭಾಗ ಸಿಗದ ಹಳೆಯ ಗಾಡಿ ಕೊಳ್ಳುವವರು ಈ ಒಂದು ಸಂಗತಿಯನ್ನು ಯೋಚಿಸಬೇಕು.

ಸೈನ್ಯದ ಕಡೆಯಿಂದಲೂ ಗಾಡಿಗಳು ಬರುತ್ತಲೇ ಇದ್ದವು. ಜಬಲ್ಪುರದ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ತಯಾರಾದ 'ಜೊಂಗ', ಹೆಸರು ಕೇಳಲು ಆಫ್ರಿಕದ್ದೆನಿಸಿದರೂ, ಜಬಲ್ಪುರ ಶಸ್ತ್ರ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದದ್ದು. ಮೂಲದಲ್ಲಿ ಅದು ನಿಸ್ಸಾನ್ ಪೆಟ್ರೋಲ್ ಎಂಬ ಜಪಾನಿ ಗಾಡಿ. ಆರು ಸಿಲಿಂಡರಿನ, ಸುಮಾರು 4 ಲೀಟರಿನ ಪೆಟ್ರೋಲ್ ಎಂಜಿನ್. ಎಳೆತಕ್ಕೆ ಆನೆ, ಇಂಧನ ಕುಡಿಯುವುದರಲ್ಲೂ ಆನೆಯೇ. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿ ತದ್ವಿರುದ್ಧ. ಒಂದು ಟನ್ನಿನಷ್ಟೇ ತೂಕ, ಮೊದಲು 970 ಸಿ.ಸಿ. ಎಂಜಿನ್. ಮರಳಿನಲ್ಲಿ, ಕೆಸರಿನಲ್ಲಿ ಅದು ಮೇಕೆಯಂತೆ ನೆಗೆಯುತ್ತದೆ. ಆದರೆ ಅದರ ಹಿಂದೆ ಭಾರದ ಟ್ರೇಲರ್ ಕಟ್ಟುವುದು ಮೇಕೆಗೆ ನೊಗ ಹೂಡಿದಂತೆ. ಎಂಜಿನ್ ಎಳೆದರೂ ನಿಲ್ಲಿಸುವ ಹೊತ್ತಿಗೆ ಭಾರವೇ ಗಾಡಿಯನ್ನು ತಳ್ಳುತ್ತದೆ. ಏರು ಹತ್ತಿಸುವ ಗಾಡಿ, ಭಾರ ಎಳೆಯುವ ಗಾಡಿ ಎರಡೂ ಒಂದೇ ಆಗಿರಬೇಕಿಲ್ಲ. ಎಳೆಯುವುದೇ ಮುಖ್ಯವಾದರೆ ಉದ್ದ ಚಾಸಿಯ, ಡೀಸೆಲ್ ಎಂಜಿನಿನ ಪಿಕಪ್ ಮೇಲು: ಬೊಲೆರೊ ಕ್ಯಾಂಪರಿನ ಫೋರ್‌ವೀಲ್ ಮಾದರಿ, 2007ರ ಸ್ಕಾರ್ಪಿಯೊ ಗೆಟ್‌ಅವೇ, 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಇವೆಲ್ಲ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಕಾಣುವಂಥವು.

ಅಡಿಗೆ ಬಗ್ಗಿ ನೋಡಿ

ಹಳೆಯ ಜೀಪು ನೋಡಲು ಹೋದ ಅನುಭವಿ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ನೆಲಕ್ಕೆ ಮಂಡಿಯೂರುತ್ತಾನೆ. ಎಂಜಿನ್ ಬದಲಿಸಬಹುದು, ಚಾಸಿ ತುಕ್ಕು ಹಿಡಿದಿದ್ದರೆ ಬದಲಿಸುವುದು ಕಷ್ಟ. ಕರಾವಳಿಯಲ್ಲಿ ಓಡಿದ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿ ಕಂಡರೆ ಅನುಮಾನಿಸಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಲೋಹವೂ ಟೊಳ್ಳೂ ಬೇರೆ ಬೇರೆ ದನಿ ಕೊಡುತ್ತವೆ. ಬ್ಲೇಡ್ ಸೆಟ್ಟಿನಲ್ಲಿ ಮುರಿದ ಎಲೆಗಳಿವೆಯೆ, ಮುಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಸೋರಿದೆಯೆ, ಟ್ರೇಲರ್ ಕೊಕ್ಕೆಯನ್ನು ಚಾಸಿಗೆ ಬೋಲ್ಟ್ ಮಾಡಿದ್ದಾರೆಯೆ ಅಥವಾ ಬಂಪರಿಗೆ ವೆಲ್ಡ್ ಮಾಡಿ ಕೈ ತೊಳೆದುಕೊಂಡಿದ್ದಾರೆಯೆ, ಎಲ್ಲವೂ ಕಾಣುವುದು ಅಲ್ಲಿಂದಲೇ. ಮುಂದಿನ ಆಕ್ಸಲಿಗೂ ಎಂಜಿನಿನ ಶಕ್ತಿ ಒಯ್ಯುವ ದಂಡ ಇದೆಯೆ ಎಂದೂ ನೋಡಬೇಕು. ಇದೇನು ಪ್ರಶ್ನೆ ಎನ್ನಬೇಡಿ. ಮಹೀಂದ್ರ ಜೀಪುಗಳಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿಯಿರುವ ಮಾದರಿಗಳು ಬೇಕಾದಷ್ಟಿವೆ. ಮುಖ ನೋಡಿದರೆ ಎಲ್ಲ ಜೀಪೂ ಒಂದೇ.

ಓಡಿಸಿ ನೋಡುವುದು ಮಣ್ಣಿನ ಮೇಲೆ. ನಿಲ್ಲಿಸಿ 'ಲೋ' ಹಾಕಿದರೆ ಲಿವರ್ ಕೂರಬೇಕು, ಕೂತದ್ದು ಏರಿನಲ್ಲಿ ಹಾರಿ ಹೊರಬರಬಾರದು. ನಾಲ್ಕು ಟಯರೂ ಒಂದೇ ಅಳತೆಯವಿರಬೇಕು. ಇಲ್ಲದಿದ್ದರೆ ನೇರ ಹಾದಿಯಲ್ಲೂ ಮೇಲೆ ಹೇಳಿದ ಬಿಗಿತವೇ. ಡೇರೆ, ನೀರಿನ ಕ್ಯಾನು, ಸ್ಟೆಪ್ನಿ ಎಲ್ಲವನ್ನೂ ಮೇಲಿನ ಕ್ಯಾರಿಯರಿಗೆ ಪೇರಿಸುವುದು ಈಗಿನ ಶೋಕಿ. ಎತ್ತರದ, ಕಿರಿದಾದ ಗಾಡಿಗೆ ತಲೆಭಾರ ಹೆಚ್ಚಿದಷ್ಟೂ ಓರೆಯ ಹಾದಿಯಲ್ಲಿ ಮಗುಚುವ ಅಪಾಯ.

ಕಾಗದಪತ್ರದ ವಿಷಯ ಬೇರೆಯೇ ಪುರಾಣ. ಚಾಸಿ, ಎಂಜಿನ್ ಸಂಖ್ಯೆಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗಬೇಕು. ಹಳೆಯ ಜೀಪುಗಳಲ್ಲಿ ಎಂಜಿನ್ ಬದಲಾಗಿರುವುದು ಸಾಮಾನ್ಯ, ದಾಖಲೆಯಲ್ಲಿ ಬದಲಾಗದಿರುವುದೂ ಅಷ್ಟೇ ಸಾಮಾನ್ಯ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸಿದರೆ ನೋಂದಣಿ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ದೊಡ್ಡ ಟಯರ್, ಎತ್ತರಿಸಿದ ಮೈ, ಕತ್ತರಿಸಿದ ಬಾಡಿ ಇರುವ ಗಾಡಿಯನ್ನು ಮೆಚ್ಚಿ ಕೊಂಡವರು ಆರ್‌ಟಿಒ ಕಚೇರಿಯ ಮೆಟ್ಟಿಲಲ್ಲಿ ಮರುಗುವುದು ಇದಕ್ಕೇ. ಟ್ರೇಲರಿಗೆ ಬೇರೆಯೇ ನೋಂದಣಿ ಬೇಕು. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ ಕಾರುಗಳಿಗೆ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಗ್ಗದ ಗಾಡಿಯ ನಿಜವಾದ ಬೆಲೆ ಲೆಕ್ಕ ಹಾಕುವಾಗ ಇದನ್ನೆಲ್ಲ ಕೂಡಿಸಬೇಕು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ತಾಲ್ಲೂಕು ಕಚೇರಿಯ, ಅರಣ್ಯ ಇಲಾಖೆಯ, ಪೊಲೀಸರ 'ಕಂಡಮ್' ಜೀಪುಗಳನ್ನು ಹರಾಜಿನಲ್ಲಿ ಹಿಡಿದು, ದುರಸ್ತಿ ಮಾಡಿ ತೋಟಕ್ಕೆ ತರುವುದು ಮಲೆನಾಡಿನಲ್ಲಿ ದಶಕಗಳ ರೂಢಿಯಾಗಿತ್ತು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ಅವು ಹೋಗಬೇಕಾದದ್ದು ನೋಂದಾಯಿತ ಗುಜರಿ ಕೇಂದ್ರಕ್ಕೆ. ಸೈನ್ಯದ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ.